ಮೂಸೆಯಲ್ಲಿ ಕರಗಿದ ಮುಖ

ಜಪಾನಿನ ಉರಯಾಸು ಊರಿನಲ್ಲಿರುವ ನನ್ನ ಮಗನ ಫ್ಲಾಟಿನಲ್ಲಿ, ಕೊರೋನಾ ದಿನಗಳಲ್ಲೂ ನಾನು ಹೊತ್ತುಹೊತ್ತಿಗೆ ಕೆಲಸ ಮುಗಿಸುತ್ತಿದ್ದೆ. ಒಂದು ದಿನ ಮೊಮ್ಮಗಳ ಆನ್‌ಲೈನ್ ಪಾಠದಲ್ಲಿ ಪ್ರಾಚೀನ ರೋಮಿನ ಬೆಳ್ಳಿ ನಾಣ್ಯ ಕಂಡಾಗ ಕೈಯಲ್ಲಿದ್ದ ಹುರುಳಿಕಾಯಿ ಬಟ್ಟಲು ಜಾರಿತು.

"ಅಜ್ಜಿ, ದೈಜೋಬು? ಹುಷಾರಾಗಿದ್ದೀಯಾ? ಏನಾಯ್ತು?" ಎಂದಳು ಅವಳು.

ನಾಣ್ಯದ ಮೇಲಿನ ಆ ಮುಖ ನನಗೆ ಗೊತ್ತಿತ್ತು.

ನಾನು ಚಿಕ್ಕವಳಿದ್ದಾಗ, ಚಿತ್ರದುರ್ಗದ ಹತ್ತಿರದ ನಮ್ಮ ಹಿತ್ತಲಲ್ಲಿ ಅಪ್ಪ ಗುಂಡಿ ತೋಡುವಾಗ ಅಂಥದೇ ನಾಣ್ಯ ಸಿಕ್ಕಿತ್ತು. ಹುಣಸೆಹುಳಿ ಹಚ್ಚಿ ಉಜ್ಜಿದೆ. ಒಂದು ಕಡೆ ಎಲೆಗಳ ಕಿರೀಟ ತೊಟ್ಟ, ಚೂಪು ಮೂಗಿನ ಗಂಡಸಿನ ತಲೆ. ಇನ್ನೊಂದು ಕಡೆ ಕೊಂಬೆ ಹಿಡಿದು ಕುರ್ಚಿಯಲ್ಲಿ ಕುಳಿತ ಹೆಂಗಸು. ಇಬ್ಬರನ್ನೂ ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಅಜ್ಜಿ ಅದನ್ನು ಅಕ್ಕಸಾಲಿಯ ಮುಂದಿಟ್ಟರು.

"ಯಾವನೋ ದೊರೆ ಇರಬೇಕು ಅಮ್ಮಾವ್ರೇ, ಇರಲಿ ಬಿಡಿ," ಎಂದ ಆತ.

"ದೊರೆಯಾದರೇನು ಆಚಾರ್ರೇ? ಕತ್ತು ಕಡಿದ ತಲೆ. ಮಗು ಇರೋ ಮನೆಗೆ ಒಳ್ಳೇದಲ್ಲ. ಕರಗಿಸಿ."

ಬೆಳ್ಳಿ ಕರಗಿಸುವ ಮೂಸೆಯಲ್ಲಿ ನಾಣ್ಯದ ಮುಖ ಮೇಲಾಗಿತ್ತು. ಆಚಾರಿ ಬೆಂಕಿ ಊದಿದ. ಮೊದಲು ಕಿರೀಟದ ಎಲೆಗಳು ಹೋದವು, ಆಮೇಲೆ ಮೂಗು. ಅಜ್ಜಿಯ ಸೆರಗು ಜಗ್ಗಿದೆ. ನೋಡನೋಡುತ್ತಿದ್ದಂತೆ ಅಲ್ಲಿ ಹೊಳೆಯುವ ಒಂದು ಹನಿ ಮಾತ್ರ ಉಳಿಯಿತು.

ಸಂಜೆಗೆ ನನ್ನ ಕಾಲಿನ ಚೈನಿಗೆ ಅದೇ ಬೆಳ್ಳಿಯ ಎರಡು ಹೊಸ ಗೆಜ್ಜೆ ಬಂದವು.

"ಓಡೇ, ಸದ್ದು ಕೇಳೋಣ," ಎಂದು ಅಜ್ಜಿ ನಕ್ಕರು.

ನಾನು ಕಾಲು ನೆಲಕ್ಕೆ ಊರದೆ, ಮಂಚದ ಮೇಲೆಯೇ ಕುಳಿತಿದ್ದೆ.