ರಾಯಭಾರಿಯ ಬದಲಿಗೆ ಅವ್ವ

ಹೊಸ ಜಮಖಾನದ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಮೊದಲು ಕಾಲಿನ ಕಡೆಗೇ ಹೋಗುತ್ತದೆ.

ಶಹಾಪುರದ ಗುಡ್ಡ ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ಅದನ್ನು ನೋಡಲು ಪರದೇಶದ ರಾಯಭಾರಿಯೊಬ್ಬರು ಬರುವವರಿದ್ದರು. ನಾನು ಓದುತ್ತಿದ್ದ ನಮ್ಮೂರ ಸಾಲಿ ಮುಂದೆ ಸ್ವಾಗತ. ಹಿಂದಿನ ದಿನ ಮಧ್ಯಾಹ್ನ ಅದರ ತಾಲೀಮು. ಬೆಂಗಳೂರಿನಿಂದ ಬಂದ ಶಿಷ್ಟಾಚಾರದ ಅಧಿಕಾರಿ ಹೊಸ ಜಮಖಾನ ಹಾಸಿಸಿ, ಕಾರು ಎಲ್ಲಿ ನಿಲ್ಲಬೇಕು, ಹಾರ ಹಾಕುವವರು ಎಲ್ಲಿರಬೇಕು ಎಂದು ಸುಣ್ಣದಿಂದ ಗುರುತು ಹಾಕಿಸಿದ್ದರು. ರಾಯಭಾರಿ ಹೆಂಗಸು. ಅವರ ಬದಲಿಗೆ ನಡೆದು ತೋರಿಸಲು, ಅಂಗಳ ಗುಡಿಸುತ್ತಿದ್ದ ನಮ್ಮವ್ವನನ್ನು ಕರೆದರು.

ಜಮಖಾನದ ಆ ತುದಿಗೆ ಹಾರ ಹಿಡಿದು ನಿಂತವರು ನಮ್ಮೂರ ಗೌಡರು. ಅವ್ವ ಈ ತುದಿಗೇ ಚಪ್ಪಲಿ ಬಿಟ್ಟಳು.

"ಹಾಕ್ಕೊಳ್ಳಿ ಅಮ್ಮ," ಅಂದರು ಅಧಿಕಾರಿ. "ನಾಳೆ ಬರೋರೂ ಹಾಕ್ಕೊಂಡೇ ನಡೀತಾರೆ."

"ಬ್ಯಾಡ್ರಿ ಸಾಹೇಬ್ರ. ಗೌಡ್ರು ನಿಂತಾರ."

"ಅವರು ನಿಂತಿರೋದು ನಿಮಗೋಸ್ಕರ. ನಿಧಾನವಾಗಿ ಬನ್ನಿ."

ಅವ್ವ ಸವೆದ ಚಪ್ಪಲಿ ಮೆಟ್ಟಿಕೊಂಡು ನಡೆದಳು. ಗೌಡರು ಅವಸರದಲ್ಲಿ ಹಾರ ಹಾಕಿ ಕೈಮುಗಿಯಲು ಮರೆತರೆಂದು ಅಧಿಕಾರಿ ಮೊದಲಿನಿಂದ ಇನ್ನೊಮ್ಮೆ ಮಾಡಿಸಿದರು. ಅವ್ವ ಕುರ್ಚಿಯಲ್ಲಿ ಕೂರುವ ತನಕ ತಹಶೀಲ್ದಾರರೂ ಬಿಸಿಲಲ್ಲಿ ನಿಂತೇ ಇದ್ದರು.

ಆ ಅಧಿಕಾರಿಯ ಹೆಸರು ನನಗೆ ಗೊತ್ತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಸಂಜೆ ಮನೆಗೆ ಬರುವಾಗ ದಾರಿಯಲ್ಲಿ ಗೌಡರ ಮನೆ ಬಂತು. ದಿನದ ರೂಢಿಯಂತೆ ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ಮುಂದೆ ನಡೆಯುತ್ತಿದ್ದ ಅವ್ವ ತಿರುಗಿ ನೋಡಿದಳು.

"ಹಾಕ್ಕೋ," ಅಂದಳು. "ನಿಧಾನ ಬಾ."