ಮೀಡಿಯಮ್ಮನ ಸೊಂಟ

"ಉಸಿರು ಬಿಗಿ ಹಿಡೀಬೇಡಿ," ಎಂದಳು ಅಳತೆಯ ತಜ್ಞೆ.

"ಹಿಡಿದಿಲ್ಲಮ್ಮ. ತಗೊಂಡಿದ್ದೂ ಆಯ್ತು, ಬಿಟ್ಟಿದ್ದೂ ಆಯ್ತು. ನಿನ್ನ ಟೇಪಿಗೆ ಯಾವ ಉಸಿರು ಬೇಕು ಹೇಳು."

ಟೇಪು ಸೊಂಟ ಸುತ್ತಿ ಬಂದು ಹೊಕ್ಕುಳ ಮೇಲೆ ನಿಂತಿತು. ಅರವತ್ತೆಂಟು ಸೆಂಟಿಮೀಟರ್. ಮೂರನೆಯ ಸಲವೂ ಅರವತ್ತೆಂಟೇ. ವ್ಯಾಜ್ಯ ತೀರಿಸಲು ಕೂತಿದ್ದ ಮಧ್ಯಸ್ಥರು, ನಿವೃತ್ತ ನ್ಯಾಯಾಧೀಶರು, ಬರೆದುಕೊಂಡರು. ಮೇಜಿನಾಚೆ ಕಂಪನಿಯ ಯಜಮಾನಿ ನೊಂದವಳಂತೆ ತಲೆಯಾಡಿಸಿದಳು. ನೋವು ಅವಳಿಗೆ ಚೆನ್ನಾಗಿ ಒಪ್ಪುತ್ತಿತ್ತು. ಅದಕ್ಕೆ ಹೊಂದುವ ಬಣ್ಣದ ಶಾಲನ್ನೂ ಹೊದ್ದು ಬಂದಿದ್ದಳು.

ಕರಾರಿನ ಪ್ರಕಾರ ಆ ಸೊಂಟ ಅರವತ್ತಾರಿರಬೇಕಿತ್ತು.

ಆರು ವರ್ಷದಿಂದ ಆ ಉಡುಪಿನ ಕಂಪನಿಗೆ ಮೀಡಿಯಂ ಸೈಜು ಎಂದರೆ ಈ ಸೊಂಟದವಳ ಮೈ. ಪ್ರತಿ ಹೊಸ ಉಡುಪನ್ನೂ ಮೊದಲು ಅವಳಿಗೆ ತೊಡಿಸಿ, ಬಟ್ಟೆಗೆ ನಾಲ್ಕು, ಅವಳಿಗೆ ಒಂದು ಎಂಬಂತೆ ಗುಂಡುಸೂಜಿ ಚುಚ್ಚಿ ತಿದ್ದುತ್ತಿದ್ದರು. ಆಮೇಲೆ ಸಾವಿರಗಟ್ಟಲೆ ಹೊಲಿಯುತ್ತಿದ್ದರು. ಹೊಲಿಗೆ ಹೆಂಗಸರು ಮೊದಲು ಅವಳನ್ನು ಮೀಡಿಯಂ ಎಂದು ಕರೆದರು. ಮೂವತ್ತೈದು ದಾಟಿದ ಮೇಲೆ, ಮರ್ಯಾದೆಗೆಂದು, ಮೀಡಿಯಮ್ಮ ಎಂದರು.

ಎರಡು ತಿಂಗಳ ಹಿಂದೆ ಯಜಮಾನಿ ಒಂದು ಕಾಗದ ಮುಂದಿಟ್ಟಿದ್ದಳು. ಮೀಡಿಯಮ್ಮನ ಮೈಯನ್ನು ಕಂಪ್ಯೂಟರಿಗೆ ಹತ್ತಿಸಿಕೊಂಡು ಶಾಶ್ವತವಾಗಿ ಬಳಸುವ ಒಪ್ಪಿಗೆ. "ನಾನು ಸತ್ತ ಮೇಲೂ ನಿಮಗೆ ಬಟ್ಟೆ ಹಾಕ್ಕೊಂಡು ನಿಲ್ಲಬೇಕಾ ಮೇಡಂ?" ಎಂದು ಕೇಳಿ ಅವಳು ಸಹಿ ಹಾಕದೆ ಎದ್ದು ಬಂದಿದ್ದಳು. ಅಂದಿನಿಂದ ಯಜಮಾನಿಗೆ ಹಳೆಯ ಕರಾರಿನ ಹನ್ನೊಂದನೆಯ ಷರತ್ತಿನ ಮೇಲೆ ಎಲ್ಲಿಲ್ಲದ ಭಕ್ತಿ ಹುಟ್ಟಿತು. ಸೊಂಟ ಒಂದು ಸೆಂಟಿಮೀಟರಿಗಿಂತ ಹೆಚ್ಚು ಬದಲಾದರೆ ಕೆಲಸ ಹೋಯಿತು. ಮೇಲೆ ಎರಡು ವರ್ಷ ಬೇರೆ ಯಾವ ಕಂಪನಿಗೂ ಅಳತೆಗೆ ನಿಲ್ಲುವಂತಿಲ್ಲ. ಎರಡು ವರ್ಷ ಕಳೆದರೆ ಅವಳಿಗೆ ನಲವತ್ತು. ನಲವತ್ತರ ಸೊಂಟವನ್ನು ಈ ದಂಧೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಹಿಂದೆ ತಿಂಗಳಿಗೊಮ್ಮೆ ಅಳೆಯುತ್ತಿದ್ದವರು ಮುದುಕ ಕಟಿಂಗ್ ಮಾಸ್ಟರ್. ಕೊರಳಲ್ಲೊಂದು ಬಟ್ಟೆಯ ಟೇಪು, ಕೆಲಸಕ್ಕೆ ಸೇರಿದಾಗಿನದು. ಮಾತಾಡುವಾಗೆಲ್ಲ ಅದರ ಎರಡೂ ತುದಿ ಹಿಡಿದು ಜಗ್ಗುವ ಚಟ. ಅವರು ಮಾತಾಡದ ಹೊತ್ತೇ ಇರಲಿಲ್ಲ. "ಅರವತ್ತಾರು, ತಾಯಿ. ನೀನು ಗಡಿಯಾರ ಇದ್ದ ಹಾಗೆ," ಎನ್ನುತ್ತಿದ್ದರು. ಹೋದ ತಿಂಗಳು ಟೇಪಿನ ಸಮೇತ ನಿವೃತ್ತರಾದರು. ಅವರ ಜಾಗಕ್ಕೆ ಈ ತಜ್ಞೆ ಬಂದಳು. ಬಿಳಿ ಕೋಟು, ಡಬ್ಬಿಯೊಳಗೆ ಹೊಸ ಟೇಪು, ಟೇಪಿಗೊಂದು ಸರ್ಟಿಫಿಕೇಟು. ಮೊದಲ ಅಳತೆಯಲ್ಲೇ ಅರವತ್ತೆಂಟು ಬಂತು. ಬೆನ್ನಿಗೇ ಕೆಲಸದಿಂದ ತೆಗೆಯುವ ನೋಟಿಸೂ ಬಂತು.

ಸುದ್ದಿ ಹೊಲಿಗೆ ವಿಭಾಗ ಮುಟ್ಟಲು ಐದು ನಿಮಿಷವೂ ಬೇಕಾಗಲಿಲ್ಲ.

"ಏನಕ್ಕಾ, ವಿಶೇಷನಾ?" ಎಂದು ಗುಂಡಿ ಹಚ್ಚುವವಳು ಕಣ್ಣು ಮಿಟುಕಿಸಿದ್ದಳು.

"ಹೂಂ ಕಣೆ. ನೋಟಿಸು ಹುಟ್ಟಿದೆ, ನೋಡೋಕೆ ಬಾ."

ತಮಾಷೆ ಮಾಡಿದಳು, ನಿಜ. ಆದರೆ ಮನೆಗೆ ಹೋದವಳೇ ಬಿಸ್ಕತ್ತಿನ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟು ಬಚ್ಚಿಡಲು ಹೇಳಿದಳು. ತೂಕದ ಯಂತ್ರ ಹತ್ತಿದಳು: ಮುಳ್ಳು ಹಳೆಯ ಜಾಗದಲ್ಲೇ ಇತ್ತು. ಹಳೆಯ ಲಂಗದ ಹುಕ್ಕು ಹಾಕಿದಳು: ಬಿದ್ದಿತು. ಸಮಾಧಾನವಾಗಲಿಲ್ಲ. ಹುಕ್ಕಿಗೆ ಸರ್ಟಿಫಿಕೇಟು ಇರಲಿಲ್ಲವಲ್ಲ.

"ನೋಡಮ್ಮ," ಎಂದಳು ಯಜಮಾನಿ ಈಗ, "ನಿನ್ನ ಮೇಲೆ ನನಗೆ ಕೋಪ ಇಲ್ಲ. ನೀನು ನಮ್ಮ ಮನೆಯವಳಿದ್ದ ಹಾಗೆ."

"ಮನೆಯವರನ್ನ ಯಾರೂ ತಿಂಗಳಿಗೊಂದ್ಸಲ ಅಳೆಯಲ್ಲ ಮೇಡಂ."

ಕಂಪನಿಯ ವಕೀಲರು ಗಂಟಲು ಸರಿ ಮಾಡಿಕೊಂಡರು. ತಮ್ಮ ದನಿ ತಮಗೇ ಇಷ್ಟವಾದವರ ಗಂಟಲು ಅದು.

"ಸ್ವಾಮಿ, ಇದು ಎರಡು ಸೆಂಟಿಮೀಟರಿನ ಪ್ರಶ್ನೆ ಅಲ್ಲ. ನಂಬಿಕೆಯ ಪ್ರಶ್ನೆ. ನಮ್ಮ ಪ್ರತಿ ಮೀಡಿಯಂ ಉಡುಪಿನ ಲೇಬಲ್ ಮೇಲೂ ಸೊಂಟ ಅರವತ್ತಾರು ಅಂತ ಅಚ್ಚು ಹಾಕಿದೀವಿ. ಉಡುಪು ಅರವತ್ತೆಂಟರ ಮೈಗೆ ಹೊಲಿದದ್ದು ಅಂತಾದ್ರೆ ಅದು ಗ್ರಾಹಕರಿಗೆ ಮಾಡೋ ಹಸಿ ಮೋಸ. ಶಿಕ್ಷೆಗೆ ಅರ್ಹವಾದ ಅಪರಾಧ. ಈ ಮಾತನ್ನ ದಯವಿಟ್ಟು ದಾಖಲು ಮಾಡ್ಕೊಳ್ಳಿ."

ಮಧ್ಯಸ್ಥರು ದಾಖಲು ಮಾಡಿಕೊಂಡರು.

"ಈಗ ನನ್ನ ಸಾಕ್ಷಿ," ಎಂದು ವಕೀಲರು ಬಾಗಿಲ ಕಡೆ ಕೈ ತೋರಿಸಿದರು.

ಇಬ್ಬರು ನೌಕರರು ಗಾಲಿಯ ಮೇಲೆ ಒಂದು ಫೈಬರ್ ಗೊಂಬೆಯನ್ನು ತಳ್ಳಿಕೊಂಡು ಬಂದರು. ತಲೆಯಿಲ್ಲ, ಕೈಯಿಲ್ಲ. ಕಂಪನಿಗೆ ಬೇಕಾದಷ್ಟೇ ಮೀಡಿಯಮ್ಮ.

"ಕರಾರಿಗೆ ಸಹಿ ಬಿದ್ದ ದಿನ ಇವರ ಮೈಯಿಂದಲೇ ತೆಗೆದ ಅಚ್ಚು. ಅವತ್ತೇ ಮಾಸ್ಟರ್ ತಮ್ಮ ಟೇಪಿನಿಂದ ಇಬ್ಬರನ್ನೂ ಅಳೆದು ಅರವತ್ತಾರು ಅಂತ ಬರೆದಿದ್ದಾರೆ. ಆರು ವರ್ಷದಿಂದ ನಮ್ಮ ಎಲ್ಲ ಮೀಡಿಯಂ ಉಡುಪನ್ನೂ ಇದರ ಮೈಗೇ ಕತ್ತರಿಸ್ತೀವಿ. ಇದು ಊಟ ಮಾಡಲ್ಲ, ಸ್ವಾಮಿ. ಸುಳ್ಳೂ ಹೇಳಲ್ಲ."

ಮೀಡಿಯಮ್ಮನಿಗೆ ಮೈಯೆಲ್ಲ ಉರಿಯಿತು. ಹೇಗೂ ಸೋತಾಯಿತು, ಒಂದು ಮಾತಾದರೂ ಆಡಿ ಹೋಗೋಣವೆನ್ನಿಸಿತು.

"ಹಾಗಾದ್ರೆ ಈ ನನ್ನ ತಂಗಿಯನ್ನೂ ಒಂದ್ಸಲ ಅಳೀರಪ್ಪ. ಆ ಸುಖ ನನಗೊಬ್ಬಳಿಗೇ ಯಾಕೆ?"

ಯಜಮಾನಿ ಫೋನಿನಿಂದ ಕಣ್ಣೆತ್ತದೆ ನಕ್ಕಳು. ವಕೀಲರು ಉದಾರವಾಗಿ ಕೈಯಾಡಿಸಿದರು. "ಅಗತ್ಯವಾಗಿ ಅಳೀಲಿ. ಅವರ ಆ ಆಸೆಯೂ ತೀರಲಿ."

ತಜ್ಞೆ ಡಬ್ಬಿ ತೆರೆದಳು. ಗೊಂಬೆಯ ಸೊಂಟಕ್ಕೆ ಟೇಪು ಸುತ್ತಿದಳು. ಬಿಚ್ಚಿದಳು. ಮೊಣಕಾಲೂರಿ ಕೂತು ಮತ್ತೆ ಸುತ್ತಿದಳು. ಯಜಮಾನಿಯ ಮುಖ ನೋಡಿದಳು.

"ಜೋರಾಗಿ ಓದಮ್ಮ," ಎಂದರು ವಕೀಲರು. "ದಾಖಲಾಗಲಿ."

ತುತ್ತು ಅನ್ನ ಕಾಣದ ಆ ಫೈಬರ್ ಗೊಂಬೆಯೂ, ಮಾಸ್ಟರ್ ಟೇಪು ತೆಗೆದುಕೊಂಡು ಹೋದ ಒಂದೇ ತಿಂಗಳಲ್ಲಿ, ಸರಿಯಾಗಿ ಎರಡು ಸೆಂಟಿಮೀಟರ್ ದಪ್ಪಗಾಗಿತ್ತು.