ವಂಕಿ

ಮುತ್ತಮ್ಮ ಬೇವಿನ ಸೊಪ್ಪು ಅರೆದಿಟ್ಟಿದ್ದ ಬಟ್ಟಲನ್ನು ಸೊಸೆಯ ಮುಖಕ್ಕೆ ಹಿಡಿದಳು. ರಂಜಿತಾಳ ಮಡಿಲಲ್ಲಿ ಐದಾರು ತಿಂಗಳ ಹೆಣ್ಣುಕೂಸು ಹಾಲಿಗಾಗಿ ಅಳುತ್ತಿತ್ತು. "ಇದನ್ನ ಎದೆಗೆ ಹಚ್ಕೊ. ಕಹಿಯಾದ್ರೆ ಕೂಸು ತಾನೇ ಹಾಲು ಬಿಡ್ತದೆ. ಹಾಲು ಬಿಡಿಸಿದ್ರೆ ತಾನೆ ನೀನು ಮತ್ತೆ ಬಸುರಿ ಆಗೋದು? ಈ ಸಲ ಗಂಡು ಹೆತ್ತುಕೊಡು, ನನ್ನ ಚಿನ್ನದ ವಂಕಿ ನಿನ್ನ ತೋಳಿಗೇ."

"ನಂಗೆ ಆಗಲೇ ವಂಕಿ ಹಾಕಿದಾರೆ, ಅತ್ತೆ."

ಮುತ್ತಮ್ಮ ಸೊಸೆಯ ಎರಡೂ ತೋಳು ನೋಡಿದಳು. ಬರಿದಾಗಿದ್ದವು. "ಎಲ್ಲದೆ? ನಿಮ್ಮಪ್ಪ ಮಾಡಿಸ್ಕೊಟ್ನಾ? ಬೀಡಿಗೇ ಗತಿಯಿಲ್ಲ ಅವನಿಗೆ!"

"ತೋಳಿಗಲ್ಲ, ಗರ್ಭಕ್ಕೆ. ಕಾಪರ್-ಟಿಗೆ ನರ್ಸಮ್ಮ ವಂಕಿ ಅಂತಾರೆ. ಹೆರಿಗೆಯಾದ ದಿನಾನೇ ಕುಶಾಲನಗರದ ಆಸ್ಪತ್ರೇಲಿ ನಾನೇ ಕೇಳಿ ಹಾಕಿಸ್ಕೊಂಡೆ. ಇವಳು ಹಾಲು ಕುಡಿದ್ರೂ ಅಷ್ಟೆ, ಬಿಟ್ರೂ ಅಷ್ಟೆ. ನಂಗೆ ಬೇಕು ಅನ್ಸಿದಾಗಲೇ ಅದನ್ನ ತೆಗೆಸೋದು."

ಮುತ್ತಮ್ಮ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ಲೋಹಿತ ಬರ್ಲಿ, ಹೇಳ್ತೀನಿ!"

"ಹೇಳಿ. ಯಾರಿಗಾದ್ರೂ ಹಚ್ಚಲೇಬೇಕು ಅಂದ್ರೆ ಆ ಬೇವನ್ನ ನಿಮ್ಮ ಮಗನಿಗೇ ಹಚ್ಚಿ," ಎಂದು ರಂಜಿತಾ ಕೂಸನ್ನು ಎದೆಗೆ ಹಾಕಿಕೊಂಡಳು. ಅಳು ನಿಂತಿತು.